ಒಂದು ಅಂಕದ ಕಾದಂಬರಿ

‘ಚಿರಸ್ಮರಣೆ’ ಕಾದಂಬರಿಯ ಕರ್ತೃ ಯಾರು? ಅ) ತ.ರಾ.ಸು. ಆ) ಬಸವರಾಜ ಕಟ್ಟೀಮನಿ ಇ) ನಿರಂಜನ ಈ) ಅ.ನ.ಕೃ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರಿಗೇ ಆದರೂ ಈ ಪ್ರಶ್ನೆಗೆ ಮೂರು ಸೆಕೆಂಡು ಸಾಕು. ‘ಇ’ ಎದುರಿನ ವೃತ್ತಕ್ಕೆ ಕಪ್ಪು ತುಂಬಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರಿಗೆ ನಿರಂಜನರ ನಿಜನಾಮ ಕುಳಕುಂದ ಶಿವರಾಯ ಎಂಬುದೂ, ಮೊದಲು ‘ಕಿಶೋರ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು ಎಂಬುದೂ, ಅವರು ಪ್ರಗತಿಶೀಲ ಪಂಥದವರು ಎಂಬುದೂ ಗೊತ್ತಿರುತ್ತದೆ. ‘ಹೊಂದಿಸಿ ಬರೆಯಿರಿ’ಯಲ್ಲಿ ಎಡಗಡೆ ಕಾದಂಬರಿ, ಬಲಗಡೆ ಕಾದಂಬರಿಕಾರ. ನಡುವೆ ನಾವೊಂದು ಗೆರೆ ಎಳೆಯುತ್ತೇವೆ. ಆ ಗೆರೆಯ ಉದ್ದವೇ ಆ ಪುಸ್ತಕಕ್ಕೂ ನಮಗೂ ಇರುವ ಸಂಬಂಧ.

ನಾನು ಓದಲು ಕೂರುವ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ನನ್ನಂಥವರು ದಿನಾ ಇಪ್ಪತ್ತೈದು ಮೂವತ್ತು ಮಂದಿ ಇರುತ್ತೇವೆ. ಎಫ್‌ಡಿಎ, ಪಿಡಿಒ, ಶಿಕ್ಷಕರ ನೇಮಕಾತಿ, ಬ್ಯಾಂಕ್, ಹೀಗೆ ಒಬ್ಬೊಬ್ಬರದು ಒಂದೊಂದು ದಾರಿ. ಬೆಳಿಗ್ಗೆ ಬ್ಯಾಗಿಟ್ಟು ಜಾಗ ಹಿಡಿಯುತ್ತೇವೆ, ಸಂಜೆ ಲೈಟ್ ಆರಿಸುವವರೆಗೆ ಕೂರುತ್ತೇವೆ. ನಮ್ಮ ಸುತ್ತ ಮೂರು ಗೋಡೆಗೂ ಕಪಾಟು, ಕಪಾಟಿನ ತುಂಬ ಕಾದಂಬರಿ. ಆದರೆ ಮೇಜಿನ ಮೇಲಿರುವುದೆಲ್ಲ ನಾವು ಮನೆಯಿಂದ ತಂದ ಗೈಡ್, ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ. ಕುರ್ಚಿ ಮತ್ತು ಫ್ಯಾನ್ ಮಾತ್ರ ಗ್ರಂಥಾಲಯದ್ದು. ಇದನ್ನು ದೂರಲು ಹೇಳುತ್ತಿಲ್ಲ. ಮನೆಯಲ್ಲಿ ‘ಎಂತ ಆಯ್ತು ಪರೀಕ್ಷೆ’ ಎಂದು ಕೇಳುವವರಿರುವಾಗ ಕಾದಂಬರಿ ಓದುತ್ತಾ ಕೂರುವ ಧೈರ್ಯ ಯಾರಿಗಿದ್ದೀತು?

‘ಚಿರಸ್ಮರಣೆ’ ನನಗೆ ಸಿಕ್ಕಿದ್ದು ಆ ಕಪಾಟಿನಿಂದ ಅಲ್ಲ. ಡಿಗ್ರಿ ಓದುವಾಗ ಮಂಗಳೂರಿನಲ್ಲಿ ನನ್ನ ತರಗತಿಯಲ್ಲಿ ಚೆರ್ವತ್ತೂರು ಕಡೆಯ ಒಬ್ಬ ಹುಡುಗನಿದ್ದ. ಮಂಗಳೂರಿನ ಕಾಲೇಜುಗಳಲ್ಲಿ ಮಲಯಾಳಿ ವಿದ್ಯಾರ್ಥಿಗಳಿಗೆ ಕಡಿಮೆಯಿಲ್ಲ. ಶುಕ್ರವಾರ ಸಂಜೆಯ ರೈಲು ಹಿಡಿದರೆ ಸೋಮವಾರ ಬೆಳಿಗ್ಗೆಯೇ ಅವರ ದರ್ಶನ. ಒಮ್ಮೆ ಏನೋ ಮಾತಿಗೆ ಅವನು, “ಮಾರಾಯ, ನಮ್ಮ ಕಯ್ಯೂರಿನ ಕಥೆ ಬರೆದ ನಿರಂಜನ ನಿಮ್ಮ ಕನ್ನಡದವರಲ್ವ? ನಮ್ಮ ಮನೆಯಲ್ಲಿ ಆ ಪುಸ್ತಕ ಉಂಟು. ಅಪ್ಪ ಓದಿದ್ದಾರೆ, ದೊಡ್ಡಪ್ಪ ಓದಿದ್ದಾರೆ, ನಾನು ಹೈಸ್ಕೂಲಿನಲ್ಲಿ ಇರುವಾಗಲೇ ಓದಿದ್ದೆ. ಕನ್ನಡದಲ್ಲಿ ಅದು ಹೇಗೆ ಉಂಟು?” ಅಂದ.

ಅವನ ಪ್ರಶ್ನೆಯಲ್ಲಿ ನಾಲ್ಕು ಆಯ್ಕೆ ಇರಲಿಲ್ಲ.

ಅವನು ಹೇಳಿದ ಕಯ್ಯೂರು ಈಗ ಕೇರಳದ ಕಾಸರಗೋಡು ಜಿಲ್ಲೆಯ ಒಂದು ಹಳ್ಳಿ. ಕೊಡಗಿನ ಕಾಡಿನಲ್ಲಿ ಹುಟ್ಟಿ ಸಮುದ್ರದ ಕಡೆಗೆ ಇಳಿಯುವ ತೇಜಸ್ವಿನಿ ಹೊಳೆಯ ದಂಡೆಯಲ್ಲಿದೆ. ಆದರೆ ಕಥೆ ನಡೆದಾಗ ಅದು ಕೇರಳವಾಗಿರಲಿಲ್ಲ. ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಂದರೆ ಕಯ್ಯೂರಿನ ರೈತನಿಗೂ ನಮ್ಮ ಸುಳ್ಯ ಕಡೆಯ ರೈತನಿಗೂ ಒಬ್ಬರೇ ಕಲೆಕ್ಟರ್, ಒಂದೇ ಜಿಲ್ಲಾ ಕೋರ್ಟು. ಅಲ್ಲಿ ಜಮೀನೆಲ್ಲ ಜನ್ಮಿಗಳದ್ದು, ಬೇಸಾಯ ಮಾತ್ರ ಒಕ್ಕಲುಗಳದ್ದು. ಗೇಣಿ ಒಂದೇ ಅಲ್ಲ, ಗೇಣಿಯ ಮೇಲೆ ಹಬ್ಬಕ್ಕೊಂದು ಕಾಣಿಕೆ, ಪೈರಿಗೊಂದು ಪಾಲು. 1930ರ ದಶಕದಲ್ಲಿ ಅಲ್ಲಿನ ರೈತರು ಸಂಘ ಕಟ್ಟಿಕೊಂಡು, ಗೇಣಿಯ ಹೊರತಾದ ಈ ವಸೂಲಿಗಳನ್ನು ಕೊಡುವುದಿಲ್ಲ ಎಂದು ಹೇಳತೊಡಗಿದರು.

1941ರ ಮಾರ್ಚ್ ಕೊನೆಯಲ್ಲಿ ಪೊಲೀಸರು ಊರಿಗೆ ನುಗ್ಗಿ ಸಂಘದವರನ್ನು ಹಿಡಿದು ಬಡಿದರು. ಮಾರ್ಚ್ 28ರಂದು ಅದನ್ನು ವಿರೋಧಿಸಿ ರೈತರು ಮೆರವಣಿಗೆ ಹೊರಟರು. ದಾರಿಯಲ್ಲಿ ಸುಬ್ಬರಾಯ ಎಂಬ ಪೊಲೀಸ್ ಪೇದೆ ಅವರಿಗೆ ಎದುರಾದ. ಜನ ಅವನ ಕೈಗೆ ಕೆಂಬಾವುಟ ಕೊಟ್ಟು ಮುಂದೆ ನಡೆಯಲು ಹೇಳಿದರು. ಸ್ವಲ್ಪ ದೂರ ನಡೆದವನು ಬಾವುಟದ ಕೋಲು ಮುರಿದು ಜನರ ಮೇಲೆ ತಿರುಗಿಬಿದ್ದ. ಜನ ಬೆನ್ನಟ್ಟಿದರು, ಅವನು ಹೊಳೆಗೆ ಹಾರಿದ, ದಡದಿಂದ ಕಲ್ಲು ಬಿತ್ತು, ಮುಳುಗಿ ಸತ್ತ. ಅರುವತ್ತಕ್ಕೂ ಹೆಚ್ಚು ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು. ವಿಚಾರಣೆ ನಡೆದದ್ದು ಮಂಗಳೂರಿನಲ್ಲಿ. ಮಡತ್ತಿಲ್ ಅಪ್ಪು, ಕೊಯಿತ್ತಾಟಿಲ್ ಚಿರುಕಂಡನ್, ಪೊಡವರ ಕುಞಂಬು ನಾಯರ್ ಮತ್ತು ಪಳ್ಳಿಕ್ಕಲ್ ಅಬೂಬಕ್ಕರ್, ಈ ನಾಲ್ವರು ರೈತ ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಚೂರಿಕ್ಕಾಡನ್ ಕೃಷ್ಣನ್ ನಾಯರ್ ಎಂಬ ಐದನೆಯವನು ವಯಸ್ಸಿಗೆ ಬಾರದ ಹುಡುಗನಾದ್ದರಿಂದ ನೇಣಿನಿಂದ ಪಾರಾದ. ಇದೇ ಮೊಕದ್ದಮೆಯಲ್ಲಿ ಆರೋಪಿಯಾಗಿ ತಲೆಮರೆಸಿಕೊಂಡಿದ್ದ ಇನ್ನೊಬ್ಬ ಯುವಕ ಇ.ಕೆ. ನಾಯನಾರ್, ಮುಂದೆ ಮೂರು ಸಲ ಕೇರಳದ ಮುಖ್ಯಮಂತ್ರಿ.

ಕುಳಕುಂದದ ಶಿವರಾಯ ಆ ಹೊತ್ತಿಗೆ ಎಲ್ಲಿದ್ದ? ಕುಳಕುಂದ ಇರುವುದು ಸುಬ್ರಹ್ಮಣ್ಯದ ಹತ್ತಿರ, ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. 1924ರಲ್ಲಿ ಹುಟ್ಟಿದ ಈ ಹುಡುಗ ಹೈಸ್ಕೂಲು ಓದಿದ್ದು ಕಯ್ಯೂರಿಗೆ ಹತ್ತಿರದ ನೀಲೇಶ್ವರದಲ್ಲಿ. ಮೆರವಣಿಗೆ ಹೊರಟ ವರ್ಷ ಅವನಿಗಿನ್ನೂ ಹದಿನಾರು ದಾಟಿ ಹದಿನೇಳು ತುಂಬಿರಲಿಲ್ಲ. ನಮ್ಮ ಲೆಕ್ಕದಲ್ಲಿ ಪಿಯುಸಿ. ತನ್ನ ಶಾಲೆಯ ಆಸುಪಾಸಿನ ಊರಿನ ಹುಡುಗರು ಕೋರ್ಟಿಗೆ, ಕೋರ್ಟಿನಿಂದ ಜೈಲಿಗೆ, ಜೈಲಿನಿಂದ ನೇಣಿಗೆ ಹೋದದ್ದನ್ನು ಆ ವಯಸ್ಸಿನಲ್ಲಿ ಕೇಳಿಸಿಕೊಂಡವನು, ಹದಿನಾಲ್ಕು ವರ್ಷ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದು 1955ರಲ್ಲಿ ಕಾದಂಬರಿ ಮಾಡಿದ. ಮರುವರ್ಷವೇ, 1956ರ ನವೆಂಬರ್ 1ರಂದು, ಭಾಷಾವಾರು ಪ್ರಾಂತ್ಯಗಳ ಗಡಿ ಎಳೆದಾಗ ಕಯ್ಯೂರು ಅತ್ತ ಕೇರಳಕ್ಕೆ ಹೋಯಿತು, ಕುಳಕುಂದ ಇತ್ತ ಮೈಸೂರು ರಾಜ್ಯಕ್ಕೆ ಬಂತು. ಕಥೆ ಒಂದು ರಾಜ್ಯದಲ್ಲಿ, ಕಥೆ ಬರೆದ ಭಾಷೆ ಇನ್ನೊಂದು ರಾಜ್ಯದಲ್ಲಿ. ಈ ಪುಸ್ತಕ ನಮ್ಮ ಕಣ್ಣಿಂದ ಜಾರಿದ್ದಕ್ಕೆ ಆ ಗಡಿಯೂ ಒಂದು ಕಾರಣ ಇರಬೇಕು ಎಂದು ನನ್ನ ಗುಮಾನಿ.

ಮಲಯಾಳಿಗಳು ಮಾತ್ರ ಅದನ್ನು ಬಿಡಲಿಲ್ಲ. ‘ಚಿರಸ್ಮರಣ’ ಎಂಬ ಹೆಸರಿನಲ್ಲಿ ಅದು ಮಲಯಾಳಕ್ಕೆ ಹೋಗಿ, ಮತ್ತೆ ಮತ್ತೆ ಅಚ್ಚಾಗಿ, ಅಲ್ಲಿನವರ ಮನೆಯ ಪುಸ್ತಕವಾಯಿತು. ಕಯ್ಯೂರಿನ ಘಟನೆಯ ಮೇಲೆ ಲೆನಿನ್ ರಾಜೇಂದ್ರನ್ 1986ರಲ್ಲಿ ‘ಮೀನಮಾಸತ್ತಿಲೆ ಸೂರ್ಯನ್’ ಎಂಬ ಸಿನಿಮಾವನ್ನೂ ಮಾಡಿದರು. ಇಂಗ್ಲಿಷಿಗೆ ಅನುವಾದಿಸಿದವರು ನಿರಂಜನರ ಮಗಳು ತೇಜಸ್ವಿನಿ ನಿರಂಜನ. ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಅನುವಾದ ಅಧ್ಯಯನದ ಪತ್ರಿಕೆಯಲ್ಲಿ ಈ ಹೆಸರು ಸಿಕ್ಕಿರುತ್ತದೆ. ಕಯ್ಯೂರಿನ ಹೊಳೆಗೂ ಇದೇ ಹೆಸರು ಎಂಬುದನ್ನು ಗಮನಿಸಿ.

ಇಷ್ಟೆಲ್ಲ ಚರಿತ್ರೆ ಹೇಳಿ ಕಾದಂಬರಿಯ ಬಗ್ಗೆ ಹೇಳದಿದ್ದರೆ ನಾನೂ ಗೈಡ್ ಬರೆದ ಹಾಗಾಗುತ್ತದೆ. ಕೊನೆ ಏನೆಂದು ಗೊತ್ತಿದ್ದೂ ಓದಿಸಿಕೊಂಡು ಹೋಗುವುದು ಇದರ ಮೊದಲ ಗುಣ. ಹುತಾತ್ಮರ ಕಥೆ ಎಂದರೆ ನಾನು ಘೋಷಣೆ, ಭಾಷಣ, ಕೆಂಪು ಅಕ್ಷರ ನಿರೀಕ್ಷಿಸಿದ್ದೆ. ಅದೂ ಇದೆ. ಆದರೆ ಇಲ್ಲಿ ಅಪ್ಪು ಮತ್ತು ಚಿರುಕಂಡ ಮೊದಲು ಕಾಣಿಸಿಕೊಳ್ಳುವುದು ಶಾಲೆಗೆ ಹೋಗುವ ಹುಡುಗರಾಗಿ. ಮನೆಯಲ್ಲಿ ಅನ್ನಕ್ಕೆ ತತ್ವಾರ ಇರುವಾಗ ಶಾಲೆ ಯಾಕೆ ಎಂದು ಕೇಳುವ ಕಾಲ. ಅಲ್ಲೊಬ್ಬರು ಮಾಸ್ತರು. ಅವರು ಪಾಠದ ಜೊತೆ ಹುಡುಗರಿಗೆ ಇನ್ನೊಂದನ್ನೂ ಕಲಿಸುತ್ತಾರೆ: ‘ಯಾಕೆ’ ಎಂದು ಕೇಳುವುದನ್ನು. ನಮ್ಮ ಅಪ್ಪ ಬೆಳೆದದ್ದು ನಮ್ಮ ಅಂಗಳದಲ್ಲಿ ಯಾಕೆ ನಿಲ್ಲುವುದಿಲ್ಲ? ನಂಬಿಯಾರರೂ ನಂಬೂದಿರಿಗಳೂ ಎದುರು ಬಂದರೆ ನಾವು ಯಾಕೆ ದಾರಿ ಬಿಡಬೇಕು?

ನೇಮಕಾತಿ ಪ್ರಕಟಣೆಗಾಗಿ ಕಾಯುವ ನಮ್ಮಂಥವರಿಗೆ ಇದು ಬೇರೆ ರೀತಿಯಲ್ಲಿ ತಾಗುತ್ತದೆ. ನಮಗೆ ಓದು ಎಂದರೆ ಹಳ್ಳಿಯಿಂದ ಹೊರಗೆ ಹೋಗುವ ಬಸ್ಸು. ಟಿಕೆಟ್ ಸಿಕ್ಕರೆ ಹೋದೆವು, ಇಲ್ಲದಿದ್ದರೆ ಸ್ಟ್ಯಾಂಡಿನಲ್ಲೇ. ಆ ಹುಡುಗರಿಗೆ ಓದು ಹಳ್ಳಿಯೊಳಗಿನದ್ದನ್ನೇ ನೋಡುವ ದೀಪವಾಗಿತ್ತು. ಪತ್ರಿಕೆ ತರಿಸಿ ಅಕ್ಷರ ಬಲ್ಲವನು ಓದುತ್ತಾನೆ, ಬಾರದವರು ಸುತ್ತ ಕೂತು ಕೇಳುತ್ತಾರೆ. ಒಬ್ಬನ ಓದು ಹತ್ತು ಜನರ ಓದಾಗುತ್ತದೆ. ನಾನು ಐದು ವರ್ಷದಿಂದ ಓದುತ್ತಲೇ ಇದ್ದೇನೆ, ಅದರಲ್ಲಿ ಒಂದು ಪುಟವೂ ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ.

ಹಾಗೆಂದು ಇದು ಕೊರತೆಯೇ ಇಲ್ಲದ ಕಾದಂಬರಿ ಎಂದು ನಾನು ವಾದಿಸುವುದಿಲ್ಲ. ಮಾಸ್ತರು ಒಳ್ಳೆಯವರೆಂದರೆ ತೀರಾ ಒಳ್ಳೆಯವರು. ಜಮೀನ್ದಾರರೊಳಗೆ ಇನ್ನೂ ಸ್ವಲ್ಪ ಇಣುಕಿ ನೋಡಬಹುದಿತ್ತು ಅನಿಸುತ್ತದೆ. ಅನಂತಮೂರ್ತಿ, ಲಂಕೇಶ್, ತೇಜಸ್ವಿ ಓದಿ ಬಂದವರಿಗೆ ಕೆಲವು ಕಡೆ ಮಾತು ನೇರವಾಯಿತು ಎಂದೂ ಅನಿಸಬಹುದು. ನವ್ಯರು ಬಂದ ಮೇಲೆ ಪ್ರಗತಿಶೀಲರನ್ನು ‘ಪ್ರಚಾರ ಸಾಹಿತ್ಯ’ ಎಂಬ ಚೀಟಿ ಅಂಟಿಸಿ ಅಟ್ಟಕ್ಕೆ ಹಾಕಿದ್ದು ನಮಗೆಲ್ಲ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಗೊತ್ತು. ನನ್ನ ಮಟ್ಟಿಗೆ ಆ ಚೀಟಿ ಈ ಪುಸ್ತಕದ ಮೇಲೆ ನಿಲ್ಲುವುದಿಲ್ಲ. ನೇಣಿಗೆ ಹೋಗುವವರ ಧೈರ್ಯಕ್ಕಿಂತ ಅವರ ಮನೆಯವರ ಸಂಕಟ ನನ್ನಲ್ಲಿ ಹೆಚ್ಚು ಉಳಿದಿದೆ. ಪ್ರಚಾರಕ್ಕಾಗಿ ಬರೆದವನಿಗೆ ಅದು ಬೇಕಾಗುವುದಿಲ್ಲ.

ಈ ಪುಸ್ತಕವನ್ನು ನಾನು ಎರಡು ಸಲ ಓದಿದ್ದೇನೆ. ಮೊದಲನೆಯದು ನನ್ನಷ್ಟಕ್ಕೆ. ಎರಡನೆಯದು ಅಜ್ಜಿಗಾಗಿ, ಗಟ್ಟಿಯಾಗಿ.

ಅಜ್ಜಿಗೆ ಎಂಬತ್ತು ದಾಟಿದೆ, ಕಣ್ಣಿಗೆ ಪೊರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಳೆದ ಮಳೆಗಾಲದಲ್ಲಿ ಒಂದು ಪರೀಕ್ಷೆ ಹಿಂದಿನ ವಾರ ಮುಂದೂಡಿಕೆಯಾಯಿತು. ನಾನು ಊರಿಗೆ ಬಂದು ಚಾವಡಿಯಲ್ಲಿ ಸುಮ್ಮನೆ ಕೂತಿದ್ದೆ. ಕರೆಂಟೂ ಇರಲಿಲ್ಲ, ಟಿವಿಯೂ ಇರಲಿಲ್ಲ. “ಎಂತಾದರೂ ಓದು ಪುಳ್ಳಿ, ಕೇಳುವ” ಅಂದರು ಅಜ್ಜಿ. ಬ್ಯಾಗಿನಲ್ಲಿದ್ದದ್ದು ಎರಡೇ: ಭಾರತದ ಸಂವಿಧಾನದ ಗೈಡ್ ಮತ್ತು ‘ಚಿರಸ್ಮರಣೆ’. ನಮ್ಮ ಮನೆಮಾತು ತುಳು. ಕನ್ನಡದಲ್ಲಿ ಓದಿ, ಅಜ್ಜಿಗೆ ತೊಡಕಾದಲ್ಲಿ ತುಳುವಿನಲ್ಲಿ ಹೇಳಿ ಮುಂದೆ ಹೋದೆ.

ಗೇಣಿ ಅಳೆಯುವ ವಿಷಯ ಬಂದಾಗ ಅಜ್ಜಿ ಕೈ ಎತ್ತಿ ನಿಲ್ಲಿಸಿದರು.

“ಅದು ಗೊತ್ತುಂಟು ನನಗೆ. ಧಣಿಗಳ ಮನೆಯ ಕಳಸಿಗೆಗೆ ಹೊಟ್ಟೆ ದೊಡ್ಡದು.”

ಅಷ್ಟು ವರ್ಷ ಅದೇ ಮನೆಯಲ್ಲಿ ಬೆಳೆದರೂ ನಾನು ಕೇಳಿರದ ಕಥೆ ಅಲ್ಲಿಂದ ಶುರುವಾಯಿತು. ನಮ್ಮ ಅಜ್ಜ ಚಾಲಗೇಣಿ ಒಕ್ಕಲು. ವರ್ಷಕ್ಕೆ ಹದಿನೆಂಟು ಮುಡಿ ಅಕ್ಕಿ ಗೇಣಿ. ಒಂದು ಮುಡಿ ಎಂದರೆ ಮೂರು ಕಳಸಿಗೆ, ಬೈಹುಲ್ಲಿನಲ್ಲಿ ಉರುಟಾಗಿ ಕಟ್ಟಿದ ನಲವತ್ತೆರಡು ಸೇರು ಅಕ್ಕಿ. ನಮ್ಮ ಮನೆಯ ಕಳಸಿಗೆಯಲ್ಲಿ ಅಳೆದು ಕಟ್ಟಿದ ಮುಡಿಯನ್ನು ಅಲ್ಲಿ ಬಿಚ್ಚಿ ಅವರ ಕಳಸಿಗೆಯಲ್ಲಿ ಅಳೆದರೆ ಯಾವಾಗಲೂ ಕಡಿಮೆ ಬರುತ್ತಿತ್ತಂತೆ. ಗೇಣಿಯ ಮೇಲೆ ಬುಳೆಕಾಣಿಕೆ ಬೇರೆ. ಮೊದಲ ಸೌತೆಕಾಯಿ, ಮೊದಲ ಬಾಳೆಗೊನೆ, ಹಬ್ಬಕ್ಕೆ ಕೋಳಿ. ಅಜ್ಜಿ ಅದನ್ನು ತಲೆಯಲ್ಲಿ ಹೊತ್ತುಕೊಂಡು ಹೋಗಿ ಧಣಿಗಳ ಅಂಗಳದ ಬದಿಯಲ್ಲಿ ಇಳಿಸಿ, ಒಳಗಿನಿಂದ ಯಾರಾದರೂ ಬಂದು ನೋಡುವವರೆಗೆ ಬಿಸಿಲಿನಲ್ಲಿ ನಿಲ್ಲಬೇಕಿತ್ತು. “ಒಂದು ಸಲ ಹೊಟ್ಟೆಯಲ್ಲಿ ನಿನ್ನ ಅಪ್ಪ ಇದ್ದ. ನಿಂತಲ್ಲೇ ತಲೆ ತಿರುಗಿತು” ಅಂದರು. ಅಂದದ್ದು ಅಷ್ಟೇ ಸಹಜವಾಗಿ, ಮಳೆ ಬಂತು ಎನ್ನುವ ಹಾಗೆ.

ನಾವು ಪರೀಕ್ಷೆಗೆ ಓದುವ ‘ಕರ್ನಾಟಕ ಭೂಸುಧಾರಣಾ ಕಾಯ್ದೆ 1961, 1974ರ ತಿದ್ದುಪಡಿ, ದೇವರಾಜ ಅರಸು, ಉಳುವವನೇ ಹೊಲದೊಡೆಯ’ ಎಂಬ ಸಾಲು ಇದೆಯಲ್ಲ, ಅದರ ಒಳಗೆ ನನ್ನ ಅಜ್ಜ ಇದ್ದಾರೆ. ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎಂದೇ ಹೆಸರು. ಇವತ್ತಿಗೂ ಯಾರ ತೋಟ ಕೇಳಿದರೂ ‘ಅದು ಡಿಕ್ಲರೇಶನಿನಲ್ಲಿ ಬಂದ ಜಾಗ’ ಎನ್ನುತ್ತಾರೆ. ಅರ್ಜಿ ಹಾಕುವುದು ಸುಲಭ, ಆಮೇಲೆ ಭೂನ್ಯಾಯಮಂಡಳಿಯ ಎದುರು, ಧಣಿಗಳೂ ಅವರ ವಕೀಲರೂ ಕೂತಿರುವಾಗ, ‘ಈ ಗದ್ದೆ ಮಾಡುವುದು ನಾನು’ ಎಂದು ಹೇಳಬೇಕು. ಅಜ್ಜ ಆ ಒಂದು ವಾಕ್ಯವನ್ನು ಹಿಂದಿನ ರಾತ್ರಿಯೆಲ್ಲ ಅಂಗಳದಲ್ಲಿ ಅತ್ತಿತ್ತ ನಡೆಯುತ್ತಾ ಹೇಳಿಕೊಂಡಿದ್ದರಂತೆ. ಪಕ್ಕದ ಮನೆಯ ಒಕ್ಕಲು ಹೆದರಿ ಅರ್ಜಿಯನ್ನೇ ಹಾಕಲಿಲ್ಲ. ಅವರ ಮನೆ ಇದ್ದಲ್ಲಿ ಈಗ ರಬ್ಬರ್ ತೋಟ.

ನಮಗೆ ಬಂದದ್ದು ಒಂದು ಎಕರೆ ನಲವತ್ತು ಸೆಂಟ್ಸ್. ಗದ್ದೆ ಹೋಗಿ ಅಡಿಕೆ ಆಯಿತು. ಅದೇ ಅಡಿಕೆಯಲ್ಲಿ ಅಪ್ಪ ನನ್ನನ್ನು ಮಂಗಳೂರಿನ ಹಾಸ್ಟೆಲಿನಲ್ಲಿಟ್ಟು ಓದಿಸಿದರು.

ಈ ಲೇಖನದಲ್ಲಿ ಮನೆಯ ವಿಷಯ ಇಷ್ಟು ಬಂದದ್ದಕ್ಕೆ ಕಾರಣ ಇದೆ. ಅದೇ ಮಳೆಗಾಲದಲ್ಲಿ ಅಪ್ಪ, ರಸ್ತೆ ಬದಿಯ ಐವತ್ತು ಸೆಂಟ್ಸ್ ಮಾರುವ ಯೋಚನೆಯಲ್ಲಿದ್ದರು. ಸೈಟ್ ಮಾಡುವವರು ಬಂದು ನೋಡಿ ಹೋಗಿದ್ದರು. ಹಣ ನನಗೇ: ಬೆಂಗಳೂರಿನಲ್ಲಿ ಎರಡು ವರ್ಷ ಕೋಚಿಂಗ್, ಪಿಜಿ ಬಾಡಿಗೆ, ಊಟ. “ಓದಿದವನು ಇಲ್ಲಿ ಇದ್ದು ಎಂತ ಮಾಡುವುದು” ಎಂಬುದು ಅಪ್ಪನ ಮಾತು. ನನಗೂ ಅದು ಸರಿಯೆಂದೇ ಕಂಡಿತ್ತು. ಎಷ್ಟೋ ಮನೆಗಳಲ್ಲಿ ನಡೆಯುವುದೇ ಇದು, ಜಾಗ ಹೋಗುತ್ತದೆ, ಕೆಲವರಿಗೆ ಕೆಲಸ ಸಿಗುತ್ತದೆ, ಕೆಲವರಿಗೆ ಎರಡೂ ಇಲ್ಲ. ಕಾದಂಬರಿ ಓದಿ ನಾನು ಕ್ರಾಂತಿಕಾರಿಯಾಗಲಿಲ್ಲ. ಆದರೆ ಆ ಐವತ್ತು ಸೆಂಟ್ಸಿನ ಬೆಲೆ ಸೈಟಿನವರು ಹೇಳಿದ ರೇಟಿನಲ್ಲಿ ಪೂರ್ತಿ ಬರುವುದಿಲ್ಲ ಎಂದು ಮೊದಲ ಸಲ ಲೆಕ್ಕ ಹಾಕಿದೆ. ಇಲ್ಲೇ ಓದುತ್ತೇನೆ, ಇನ್ನೆರಡು ಪ್ರಯತ್ನ ನೋಡುವ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಒಪ್ಪಿದ್ದಾರೆ ಎನ್ನುವುದಕ್ಕಿಂತ ಸುಮ್ಮನಾಗಿದ್ದಾರೆ ಎನ್ನಬಹುದು. ಸೈಟಿನವರ ಫೋನ್ ನಂಬರ್ ಕ್ಯಾಲೆಂಡರಿನ ಮೇಲೆ ಇನ್ನೂ ಇದೆ.

ಪುಸ್ತಕವೊಂದು ಮರೆತುಹೋದರೆ ನಷ್ಟ ಏನು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವುದು ಈ ಒಂದು ಉದಾಹರಣೆ. ಅಜ್ಜಿಯ ಕಳಸಿಗೆಯ ಕಥೆ ನಮ್ಮ ಮನೆಯಲ್ಲೇ ಇತ್ತು. ಅದನ್ನು ಹೊರಗೆ ತೆಗೆಯಲು 1955ರ ಒಂದು ಕಾದಂಬರಿ ಬೇಕಾಯಿತು.

ಕಾದಂಬರಿಗಳು ಉಳಿಯುವುದಕ್ಕೆ ನಮ್ಮಲ್ಲಿ ಕೆಲವು ಗೊತ್ತಾದ ದಾರಿಗಳಿವೆ. ಒಂದು ಸಿನಿಮಾ. ತ.ರಾ.ಸು. ಅವರ ‘ಹಂಸಗೀತೆ’ಯನ್ನು ಜಿ.ವಿ. ಅಯ್ಯರ್ ಸಿನಿಮಾ ಮಾಡಿದ್ದರಿಂದ ಓದದವರಿಗೂ ಅದರ ಹೆಸರು ಗೊತ್ತು. ನಿರಂಜನರದ್ದೇ ‘ಬನಶಂಕರಿ’ ಕೂಡ ತೆರೆಗೆ ಬಂದಿದೆ. ಇನ್ನೊಂದು ದಾರಿ ಪಠ್ಯ. ಪಠ್ಯವಾದ ಪುಸ್ತಕ ಬದುಕುತ್ತದೆ ನಿಜ, ಆದರೆ ಹದಿನಾರು ಅಂಕದ ಪ್ರಬಂಧವಾಗಿ ಬದುಕುತ್ತದೆ. ಮೂರನೆಯದು ಮರುಮುದ್ರಣ. ಮುದ್ರಿಸಿದ ಪ್ರತಿ ಮಳಿಗೆಯಲ್ಲಿ ಕೂತರೆ ಅದೂ ಒಂದು ಥರದ ಅಟ್ಟವೇ. ನಮ್ಮ ಗ್ರಂಥಾಲಯದ ‘ಚಿರಸ್ಮರಣೆ’ಯನ್ನು ಆಮೇಲೆ ಹುಡುಕಿ ತೆಗೆದೆ. ಮೇಲಿನ ತಟ್ಟಿನಲ್ಲಿ ಇತ್ತು. ಹಿಂದಿನ ರಟ್ಟಿಗೆ ಅಂಟಿಸಿದ ತಾರೀಕಿನ ಚೀಟಿಯಲ್ಲಿ ಕೊನೆಯ ಮುದ್ರೆ 2009ರದ್ದು. ಅದರ ನೇರ ಕೆಳಗೆ ಕೂತು ನಾವೆಲ್ಲ ಅದರ ಕರ್ತೃವಿನ ಹೆಸರು ಬಾಯಿಪಾಠ ಮಾಡುತ್ತಿದ್ದೇವೆ.

ಈಗ ನಾಲ್ಕನೆಯ ದಾರಿಯೊಂದಿದೆ, ಅದಕ್ಕೆ ದುಡ್ಡು ಬೇಡ. ನಿರಂಜನರ ಕುಟುಂಬದವರು ಕೆಲವು ವರ್ಷಗಳ ಹಿಂದೆ ಅವರ ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಓದಬಹುದು, ನಕಲು ಮಾಡಬಹುದು, ಹಂಚಬಹುದು, ಹೆಸರು ಹೇಳಿದರೆ ಸಾಕು. ಕನ್ನಡದಲ್ಲಿ ಇಷ್ಟು ದೊಡ್ಡ ಮನಸ್ಸಿನ ಕೊಡುಗೆ ಅಪರೂಪ. ಆ ಪುಸ್ತಕಗಳು ಕನ್ನಡ ವಿಕಿಸೋರ್ಸಿಗೆ ಬಂದಿವೆ. ಅಲ್ಲಿ ಒಂದು ಬದಿಗೆ ಹಳೆಯ ಪುಟದ ಸ್ಕ್ಯಾನ್, ಇನ್ನೊಂದು ಬದಿಗೆ ಟೈಪ್ ಆದ ಪಠ್ಯ. ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದ್ದಕ್ಕೆ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದ್ದಕ್ಕೆ ಹಸಿರು. ಯಾರು ಬೇಕಾದರೂ ಒಂದು ಪುಟ ತೆಗೆದುಕೊಂಡು ತಿದ್ದಬಹುದು. ನಾನು ರಾತ್ರಿ ಊಟ ಆದ ಮೇಲೆ ನಿರಂಜನರ ಎರಡು ಪುಟ ತಿದ್ದುತ್ತೇನೆ, ಇಪ್ಪತ್ತು ನಿಮಿಷದ ಕೆಲಸ. ಯಂತ್ರ ಓದಿದ ಕನ್ನಡದಲ್ಲಿ ಒತ್ತಕ್ಷರಗಳು ತಪ್ಪಿಸಿಕೊಂಡಿರುತ್ತವೆ. ಅವನ್ನು ಹುಡುಕಿ ಜಾಗಕ್ಕೆ ಕೂರಿಸುವಾಗ ಓದೂ ಆಗುತ್ತದೆ. ಕನ್ನಡ ಪತ್ರಿಕೆಗೆ ಕಾಗುಣಿತದ ತಯಾರಿ ಬೇರೆ ಬೇಡ! ನುಡಿ, ಯೂನಿಕೋಡ್ ಟೈಪಿಂಗ್ ಹೇಗೂ ಕಲಿಯುತ್ತೇವೆ, ಟೈಪ್ ಮಾಡಲು ಏನಾದರೂ ಬೇಕಲ್ಲ.

ಕಳೆದ ಡಿಸೆಂಬರಿನಲ್ಲಿ ಆ ಹಳೆಯ ಸಹಪಾಠಿಯ ಜೊತೆ ಕಯ್ಯೂರಿಗೂ ಹೋಗಿ ಬಂದೆ. ಮಂಗಳೂರಿನಿಂದ ರೈಲಿನಲ್ಲಿ ಚೆರ್ವತ್ತೂರು, ಅಲ್ಲಿಂದ ಬಸ್ಸು. ಹೆಚ್ಚು ಹೇಳುವಂಥದ್ದಿಲ್ಲ, ತೆಂಗು, ಹೊಳೆ, ಹುತಾತ್ಮರ ಸ್ಮಾರಕ, ಗೋಡೆಗಳ ಮೇಲೆ ಪಕ್ಷದ ಬರಹ. ನಮ್ಮೂರಿನ ಹಾಗೇ ಇದೆ. ಸ್ಮಾರಕದ ಹತ್ತಿರದ ಚಹಾದಂಗಡಿಯಲ್ಲಿ ಗೆಳೆಯ ನನ್ನನ್ನು ‘ನಿರಂಜನರ ಊರಿನ ಕಡೆಯವನು’ ಎಂದು ಪರಿಚಯಿಸಿದ. ಅಂಗಡಿಯ ಹಿರಿಯರು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ನಿರಂಜನರ ಹೆಸರಿನಲ್ಲಿ ನನಗೆ ಸಿಕ್ಕಿದ್ದು ಇದುವರೆಗೆ ಅದೊಂದು ಚಹಾ, ಮತ್ತು ಒಂದು ಅಣಕು ಪರೀಕ್ಷೆಯಲ್ಲಿ ಒಂದು ಅಂಕ.

ಅಜ್ಜಿಗೆ ಓದುವುದು ಮುಗಿಯಲು ಮೂರು ವಾರ ಬೇಕಾಯಿತು. ಕೊನೆಯ ಪುಟಗಳನ್ನು ಓದುವಾಗ ಪಕ್ಕದ ಮನೆಯ ಚಿಕ್ಕಮ್ಮನೂ ಅವರ ಪಿಯುಸಿ ಓದುವ ಮಗಳೂ ಬಂದು ಕೂತಿದ್ದರು. ಮುಗಿದ ಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಜ್ಜಿ ಎಲೆ ಅಡಿಕೆ ಹಾಕಿಕೊಂಡು, “ಆ ಸಣ್ಣವ ಬದುಕಿದ ಅಲ್ವಾ?” ಎಂದು ಕೇಳಿದರು. ಕೃಷ್ಣನ್ ನಾಯರ್ ಬಗ್ಗೆ ನಾನು ಮೊದಲೇ ಹೇಳಿದ್ದೆ. ಹೌದು, ಬದುಕಿದ ಎಂದೆ. “ಹೇಳಲಿಕ್ಕೆ ಒಬ್ಬ ಬೇಕು” ಅಂದರು. ಆಮೇಲೆ, “ಇದೇ ಜನ ಬರೆದದ್ದು ಇನ್ನು ಯಾವುದುಂಟು?”

ಪುಸ್ತಕದ ಪ್ರತಿ ಈಗ ಆ ಪಿಯುಸಿ ಹುಡುಗಿಯ ಹತ್ತಿರ ಇದೆ. ನಾನು ಅಜ್ಜಿಗೆ ಮೊಬೈಲಿನಲ್ಲಿ ‘ರಂಗಮ್ಮನ ವಠಾರ’ ಓದುತ್ತಿದ್ದೇನೆ. ಬೆಂಗಳೂರಿನಲ್ಲಿ ವಠಾರದ ಮನೆಗಳನ್ನು ಬಾಡಿಗೆಗೆ ಕೊಟ್ಟು ಬದುಕುವ ವಿಧವೆಯ ಕಥೆ. ರಂಗಮ್ಮ ಬಾಡಿಗೆ ಕೇಳಲು ಬಂದಾಗಲೆಲ್ಲ ಅಜ್ಜಿಗೆ ಸಿಟ್ಟು ಬರುತ್ತದೆ. ನಿನ್ನೆ ಮಾತ್ರ, “ಅವಳಿಗೂ ಯಾರಿದ್ದಾರೆ ಪಾಪ, ಮುಂದೆ ಓದು” ಅಂದರು.